ಕಂಪನಿ ಆಂಪ್ ಇರುವ ಕಾರಿಗೆ ಹೊರಗಿನ ಸ್ಟೀರಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಆಂಪ್ಲಿಫೈಯರ್ (ಆಂಪ್, ಅಂದರೆ ಸದ್ದನ್ನು ಬಲಪಡಿಸುವ ಪೆಟ್ಟಿಗೆ) ಇಲ್ಲದ ಕಾರಿಗೆ ಹೊಸ ಸ್ಟೀರಿಯೋ ಸೆಟ್ ಹಾಕುವುದು ದೊಡ್ಡ ಕೆಲಸವಲ್ಲ. ಫ್ರೇಮ್ ಕೂರಿಸಿ ಕಪ್ಲರ್ (ವೈರ್‌ಗಳನ್ನು ಸೇರಿಸುವ ಪ್ಲಗ್) ಒತ್ತಿದರೆ ಹಾಡು ಬರುತ್ತದೆ. ಕಂಪನಿಯವರೇ ಸೀಟಿನ ಕೆಳಗೋ ಡಿಕ್ಕಿಯ ಪಕ್ಕದ ಪ್ಯಾನಲ್ ಒಳಗೋ ಬೇರೆ ಆಂಪ್ ಇಟ್ಟಿದ್ದರೆ ಮಾತ್ರ ಲೆಕ್ಕ ಬೇರೆ. "ಎಲ್ಲಾ ಗಾಡಿಗೂ ಆಗುತ್ತೆ ಸಾರ್" ಎಂದು ಅಂಗಡಿಯಲ್ಲಿ ಕೊಟ್ಟ ಸೆಟ್ಟನ್ನು ಅಂಥ ಕಾರಿಗೆ ಹಾಕಿದರೆ ಒಂದೋ ಸದ್ದೇ ಬರುವುದಿಲ್ಲ, ಇಲ್ಲವೇ ವಾಲ್ಯೂಮ್ ಐದು ದಾಟುವಷ್ಟರಲ್ಲೇ ಹರಿದ ಡೋಲಿನಂತೆ ಒದರುತ್ತದೆ. ಸೆಟ್ಟೂ ಕೆಟ್ಟಿಲ್ಲ, ಆಂಪೂ ಕೆಟ್ಟಿಲ್ಲ. ಇದು ಕಳಿಸುವ ಸಿಗ್ನಲ್ ಬೇರೆ, ಅದು ಕಾಯುತ್ತಿರುವ ಸಿಗ್ನಲ್ ಬೇರೆ. ಸೆಟ್ಟಿಗೆ ದುಡ್ಡು ಕೊಡುವ ಮೊದಲೇ ಅದನ್ನು ಅಳೆದು ತಿಳಿಯಬಹುದು.

ನನ್ನ ಕಾರಿನಲ್ಲಿ ಬೇರೆ ಆಂಪ್ ಇದೆಯೋ ಇಲ್ಲವೋ, ಹೇಗೆ ಗೊತ್ತಾಗುತ್ತದೆ?

ಸ್ಪೀಕರ್ ಜಾಲರಿಯ ಮೇಲಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಬೋಸ್ ಎಂದಿದ್ದರೆ ಆಂಪ್ ಇರುವುದು ಬಹುತೇಕ ಖಚಿತ. ಜೆಬಿಎಲ್, ಹರ್ಮನ್, ಸೋನಿ ಎಂದಿದ್ದರೆ ಇರಲೂಬಹುದು, ಸೆಟ್ ಅಥವಾ ಸ್ಪೀಕರ್ ಮಾತ್ರ ಅವರದಾಗಿರಲೂಬಹುದು. ಮಾರುತಿಯ ಕೆಲವು ಮಾದರಿಗಳಲ್ಲಿ ಕಾಣುವ ಅರ್ಕಾಮಿಸ್ ಆಂಪ್ ಅಲ್ಲ, ಸೌಂಡ್ ಟ್ಯೂನಿಂಗ್. ಹಳೇ ಸೆಟ್ ಬಿಚ್ಚಿದ ದಿನವೇ ಅದೂ ಹೋಯಿತು.

ಸರಿಯಾದ ಪರೀಕ್ಷೆ ಇದು. ಹಳೇ ಸೆಟ್ ಹೊರಗೆಳೆದು ಕಪ್ಲರ್ ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ (ತಡೆ ಅಳೆಯುವ ಕಡೆಗೆ) ಇಟ್ಟು, ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿ ಬರೆದುಕೊಳ್ಳಿ. ಅಗ್ಗದ ಮೀಟರ್‌ಗಳಲ್ಲಿ 0.2ರಿಂದ 0.5 ಓಮ್ ಇದರಲ್ಲೇ ಹೋಗುತ್ತದೆ, ಅದನ್ನು ಕಳೆಯಬೇಕು. ಈಗ ಕಾರಿನ ಕಡೆಯ ಕಪ್ಲರ್‌ನಲ್ಲಿ ಸ್ಪೀಕರ್ ಜೋಡಿಯ ಎರಡು ಪಿನ್‌ಗೆ ಕಡ್ಡಿ ಹಿಡಿಯಿರಿ.

3.2ರಿಂದ 3.8 ಓಮ್ ಬಂದರೆ ಅಲ್ಲಿ ನೇರವಾಗಿ 4 ಓಮ್ ಸ್ಪೀಕರ್ ಇದೆ, ಆಂಪ್ ಇಲ್ಲ, ನಿಮ್ಮ ಕೆಲಸ ಸುಲಭ. 2 ಓಮ್‌ಗಿಂತ ಕಡಿಮೆ ಬಂದರೂ ಸ್ಪೀಕರ್ ನೇರವೇ, ಆದರೆ ಅದು 2 ಓಮ್‌ನದು. ಹೊಸ ಸೆಟ್ಟಿಗೆ ಅದು ಅಪಾಯ, ಕಾರಣ ಕೆಳಗಿದೆ. ನೂರಾರು ಅಥವಾ ಸಾವಿರಾರು ಓಮ್ ಬಂದರೆ ನೀವು ನೋಡುತ್ತಿರುವುದು ಆಂಪ್‌ನ ಇನ್‌ಪುಟ್. ಏನೂ ಬರದಿದ್ದರೆ ವೈರ್ ಕಡಿದಿರಬಹುದು ಅಥವಾ ಆಂಪ್ ಡಿಜಿಟಲ್ ಜಾತಿಯದು.

ಆಂಪ್‌ಗಳಲ್ಲಿ ಎಷ್ಟು ಬಗೆ? ನನ್ನದು ಯಾವುದು?

ಕೆಲಸದ ದೃಷ್ಟಿಯಿಂದ ನಾಲ್ಕು.

ಮೊದಲನೆಯದು ಸ್ಪೀಕರ್ ಲೆವೆಲ್. ಹಳೇ ಸೆಟ್ಟಿನಲ್ಲೇ ಸಣ್ಣ ಪವರ್ ಐಸಿ (ಸ್ಪೀಕರ್ ನಡೆಸುವ ಚಿಪ್) ಇದ್ದು, ಅದರ ಔಟ್‌ಪುಟ್ಟನ್ನು ಆಂಪ್ ಮತ್ತಷ್ಟು ಬಲಪಡಿಸುತ್ತದೆ. ಇದಕ್ಕೆ ಹೊಸ ಸೆಟ್ಟಿನ ಸ್ಪೀಕರ್ ವೈರ್‌ಗಳನ್ನೇ ಕೊಡಬಹುದು.

ಎರಡನೆಯದು ಲೈನ್ ಲೆವೆಲ್. ಇಲ್ಲಿ ಸಿಗ್ನಲ್ ಒಂದೆರಡು ವೋಲ್ಟ್ ಮಾತ್ರ. ಹೊಸ ಸೆಟ್ಟಿನ ಹಿಂದಿರುವ ಆರ್‌ಸಿಎ ಔಟ್‌ಪುಟ್ (ನಡುವೆ ಪಿನ್, ಸುತ್ತ ಬಳೆ ಇರುವ ದುಂಡನೆಯ ಆಡಿಯೋ ಸಾಕೆಟ್) ಇದಕ್ಕೇ ಸರಿ.

ಮೂರನೆಯದೂ ಲೈನ್ ಲೆವೆಲ್ಲೇ, ಆದರೆ ಬ್ಯಾಲೆನ್ಸ್ಡ್. ಪ್ರತಿ ಚಾನಲ್‌ಗೂ ಪ್ಲಸ್, ಮೈನಸ್ ಎಂದು ಎರಡು ಜೀವಂತ ವೈರ್. ಮೈನಸ್ ಎಂದರೆ ಅರ್ಥಿಂಗ್ ಅಲ್ಲ, ಪ್ಲಸ್‌ನ ತಲೆಕೆಳಗಾದ ಪ್ರತಿ. ಎರಡರ ವ್ಯತ್ಯಾಸವನ್ನಷ್ಟೇ ಆಂಪ್ ಕೇಳಿಸಿಕೊಳ್ಳುವುದರಿಂದ ದಾರಿಯಲ್ಲಿ ಸೇರಿದ ಗಲಾಟೆ ರದ್ದಾಗುತ್ತದೆ.

ನಾಲ್ಕನೆಯದು ಡಿಜಿಟಲ್. ಬಿಎಂಡಬ್ಲ್ಯೂ, ಆಡಿ, ಮರ್ಸಿಡಿಸ್‌ಗಳ ಅನೇಕ ಮಾದರಿಗಳಲ್ಲಿ ಮೋಸ್ಟ್ ಎಂಬ ಗಾಜಿನೆಳೆಯಂಥ ಆಪ್ಟಿಕಲ್ ತಂತಿಯ ಸುತ್ತು ಇರುತ್ತದೆ. ಈಚಿನ ಕೆಲವು ಕಾರುಗಳಲ್ಲಿ ಎ2ಬಿ ಎಂಬ ಹೆಣೆದ ಜೋಡಿ ವೈರ್ ಇರುತ್ತದೆ. ಇಲ್ಲಿ ಹೋಗುವುದು ಹಾಡಲ್ಲ, ಅಂಕಿಗಳು. ಇದಕ್ಕೆ ಆರ್‌ಸಿಎ ಚುಚ್ಚಿದರೆ ಗೋಡೆಗೆ ಚುಚ್ಚಿದ ಹಾಗೆ.

ನಿಮ್ಮದು ಯಾವುದೆಂದು ತಿಳಿಯಲು ಹಳೇ ಸೆಟ್ ಇನ್ನೂ ಕೆಲಸ ಮಾಡುತ್ತಿರಬೇಕು. ಆದ್ದರಿಂದಲೇ ಈ ಪರೀಕ್ಷೆ ಮೊದಲು. ಸೆಟ್ಟನ್ನು ಅರ್ಧ ಹೊರಗೆಳೆದು, ಕಪ್ಲರ್ ಇರಲಿ ಬಿಟ್ಟು, ಆನ್ ಮಾಡಿ. ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಕಾರಿನ ಬರಿ ಲೋಹಕ್ಕೆ, ಕೆಂಪು ಕಡ್ಡಿ ಕಪ್ಲರ್‌ನ ಹಿಂಬದಿಯಿಂದ ಒಂದೊಂದೇ ಸ್ಪೀಕರ್ ವೈರ್‌ಗೆ. ಎಲ್ಲದರಲ್ಲೂ 6ರಿಂದ 7 ವೋಲ್ಟ್, ಅಂದರೆ ಬ್ಯಾಟರಿಯ ಅರ್ಧ ಬಂದರೆ ಅದು ಸ್ಪೀಕರ್ ಲೆವೆಲ್. ಸೊನ್ನೆ ಅಥವಾ ಎರಡು ಮೂರು ವೋಲ್ಟ್ ಬಂದರೆ ಲೈನ್ ಲೆವೆಲ್.

ಎರಡನೇ ಹೆಜ್ಜೆಗೆ ಪೆನ್‌ಡ್ರೈವ್‌ನಲ್ಲಿ 50 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿಕೊಳ್ಳಿ. 50 ಹರ್ಟ್ಸ್ ಏಕೆಂದರೆ ಸಾಧಾರಣ ಮೀಟರ್‌ಗಳು ಮನೆಯ ಕರೆಂಟ್ ಅಳೆಯಲು ಮಾಡಿದವು. ಅದೇ ಕಂಪನದಲ್ಲಿ ಸರಿ ತೋರಿಸುತ್ತವೆ, ಮೇಲಿನ ಕಂಪನಗಳಲ್ಲಿ ಸುಳ್ಳು ಹೇಳುತ್ತವೆ. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಒಂದು ಜೋಡಿಯ ಪ್ಲಸ್, ಮೈನಸ್ ನಡುವೆ ಹಿಡಿದು ವಾಲ್ಯೂಮ್ ಮೆಲ್ಲಗೆ ಏರಿಸಿ. ಐದಾರು ವೋಲ್ಟ್ ದಾಟಿದರೆ ಸ್ಪೀಕರ್ ಲೆವೆಲ್. ಒಂದೆರಡರಲ್ಲೇ ನಿಂತರೆ ಲೈನ್. ಪೂರ್ತಿ ವಾಲ್ಯೂಮ್‌ಗೆ ಬಂದ ಅಂಕಿ ಬರೆದಿಟ್ಟುಕೊಳ್ಳಿ, ಮಟ್ಟ ಹೊಂದಿಸುವಾಗ ಬೇಕಾಗುತ್ತದೆ.

ವಾಲ್ಯೂಮ್ ತಿರುಗಿಸಿದರೂ ಮೀಟರ್ ಅಂಕಿ ಬದಲಾಗುವುದೇ ಇಲ್ಲ. ಮೀಟರ್ ಹಾಳಾಗಿದೆಯೇ?

ಇಲ್ಲ, ಒಳ್ಳೆಯ ಸಮಯಕ್ಕೆ ಗೊತ್ತಾಯಿತು. ನಿಮ್ಮ ಕಾರಿನಲ್ಲಿ ಸಿಗ್ನಲ್ ಒಂದೇ ಮಟ್ಟದಲ್ಲಿ ಹೋಗುತ್ತಿದೆ; ವಾಲ್ಯೂಮ್ ಎಷ್ಟು ಎಂಬ ಆದೇಶ ಕ್ಯಾನ್ ಬಸ್ (ಕಾರಿನ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ವೈರ್ ಜಾಲ) ಮೂಲಕ ಬೇರೆಯಾಗಿ ಆಂಪ್‌ಗೆ ತಲುಪುತ್ತಿದೆ. ಹೊಸ ಸೆಟ್ಟಿಗೆ ಆ ಭಾಷೆ ಬರುವುದಿಲ್ಲ. ಹಳೇ ಸೆಟ್ ಇಲ್ಲದಾಗ ಕೆಲವು ಆಂಪ್‌ಗಳು ಪೂರ್ತಿ ಮೌನ ವಹಿಸುತ್ತವೆ, ಕೆಲವು ಪೂರ್ತಿ ಜೋರಾಗಿ ನಿಲ್ಲುತ್ತವೆ. ಇಂಥ ಕಾರಿಗೆ ನಿಮ್ಮ ಮಾದರಿಗೆಂದೇ ಮಾಡಿದ ಕ್ಯಾನ್ ಬಸ್ ಡೀಕೋಡರ್ ಬೇಕು. ಅದು ಬರೀ ಸ್ಟೀರಿಂಗ್ ಬಟನ್‌ಗೆ ಸಾಕಾಗುವ ಪೆಟ್ಟಿಗೆಯಾಗಿರಬಾರದು, "ಒರಿಜಿನಲ್ ಆಂಪ್ ಇರುವ ಗಾಡಿಗೆ" ಎಂದು ಸ್ಪಷ್ಟವಾಗಿ ಹೇಳಿರಬೇಕು. ಅದು ಸಿಗದಿದ್ದರೆ ಆಂಪ್ ಬಿಟ್ಟು ಹೋಗುವ ದಾರಿಯೊಂದೇ.

ಅಮೆರಿಕದಲ್ಲಿರುವ ಓದುಗರಿಗೆ ಇದು ಅಷ್ಟು ಕಷ್ಟವಲ್ಲ; ಪ್ಯಾಕ್, ಮೆಸ್ಟ್ರೋ ಮುಂತಾದ ಹೆಸರಿನಲ್ಲಿ ಕಾರಿನ ಮಾದರಿ, ಇಸವಿ ನೋಡಿ ಕೊಳ್ಳುವ ಇಂಟರ್‌ಫೇಸ್‌ಗಳು ಅಲ್ಲಿ ಸಿಗುತ್ತವೆ. ನಮ್ಮಲ್ಲಿ ಮಾರುವ ಕಾರುಗಳ ವೈರಿಂಗ್ ಅಲ್ಲಿನದಕ್ಕೆ ಹೊಂದಬೇಕೆಂದಿಲ್ಲ. ತರಿಸುವ ಮೊದಲು ಕಪ್ಲರ್‌ನ ಪಿನ್ ಎಣಿಸಿ.

ಯಾವ ಕಾರಿನ ಸೆಟ್ಟಿಗೆ ಕೈ ಹಾಕದಿರುವುದೇ ವಾಸಿ?

ಎಸಿ, ಕ್ಯಾಮೆರಾ, ಡ್ರೈವ್ ಮೋಡ್, ಮೀಟರ್ ಬೋರ್ಡ್ ಎಲ್ಲವೂ ಒಂದೇ ಪರದೆಗೆ ಅಂಟಿಕೊಂಡಿರುವ ಕಾರುಗಳು. ಮಹೀಂದ್ರದ ಎಕ್ಸ್‌ಯುವಿ700 ಒಳ್ಳೆಯ ಉದಾಹರಣೆ. ಅಂಥದ್ದರಲ್ಲಿ ಸೆಟ್ ಹಾಗೇ ಬಿಟ್ಟು, ಧ್ವನಿ ಬೇಕೆಂದರೆ ಡಿಎಸ್‌ಪಿ (ಧ್ವನಿಯನ್ನು ತಿದ್ದಿ ಹೊಂದಿಸುವ ಪೆಟ್ಟಿಗೆ) ಅಥವಾ ಡಿಕ್ಕಿಯಲ್ಲಿ ಒಂದು ವೂಫರ್ ಸೇರಿಸುವುದು ಜಾಣತನ. ಮೋಸ್ಟ್ ಇರುವ ಕಾರುಗಳಲ್ಲೂ ಹಾಗೆಯೇ.

ಏನೇನು ಸಾಮಾನು ಬೇಕು?

ನಿಮ್ಮ ಮಾದರಿಯ ಫ್ರೇಮ್, ಕಪ್ಲರ್, ಆಂಟೆನಾ ಅಡಾಪ್ಟರ್. ಡಬಲ್ ಡಿನ್ ಎಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ, ಟೊಯೋಟಾದ ಕಿಂಡಿ 200 ಮಿ.ಮೀ. ಅಗಲದ್ದು, 180ರ ಸೆಟ್ ಇಟ್ಟರೆ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಹಲ್ಲುಕಿರಿಯುತ್ತದೆ, ಪಟ್ಟಿ ಬೇಕು.

ಲೈನ್ ಲೆವೆಲ್ ಆಂಪ್ ಆದರೆ ನಾಲ್ಕು ಚಾನಲ್‌ಗೆ ಎರಡು ಜೋಡಿ ಆರ್‌ಸಿಎ ಕೇಬಲ್. ಆಂಪ್‌ನ ಇನ್‌ಪುಟ್ ವೈರ್ ಸೆಟ್ ಹಿಂದಿನ ಕಪ್ಲರ್‌ಗೇ ಬಂದಿರುವುದರಿಂದ ಅರ್ಧ ಮೀಟರ್ ಉದ್ದ ಸಾಕು, ಐದು ಮೀಟರ್‌ನದು ಕೊಂಡು ಡ್ಯಾಶ್ ಹಿಂದೆ ಸುತ್ತಿ ತುರುಕಬೇಡಿ. ಪ್ಲಾಸ್ಟಿಕ್ ಪ್ಯಾನಲ್ ಎಬ್ಬಿಸುವ ಟೂಲ್, ಫಿಲಿಪ್ಸ್ ಸ್ಕ್ರೂಡ್ರೈವರ್, 10 ನಂಬರ್ ಸ್ಪ್ಯಾನರ್, ಯೂರೋಪಿನ ಗಾಡಿಯಾದರೆ ಟಿ20 ನಕ್ಷತ್ರ ಬಿಟ್. ಬಟ್ ಕನೆಕ್ಟರ್ ಮತ್ತು ಅದನ್ನು ಒತ್ತುವ ಕ್ರಿಂಪಿಂಗ್ ಇಕ್ಕಳ, ಇಲ್ಲವೇ ಸೋಲ್ಡರಿಂಗ್ ಐರನ್, ಹೀಟ್ ಶ್ರಿಂಕ್ ಟ್ಯೂಬ್.

ವೈರ್ ತಿರುಚಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತುವ ಪದ್ಧತಿ ಬಿಟ್ಟುಬಿಡಿ. ರಾಯಚೂರು, ಕಲಬುರಗಿಯ ಮೇ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್ ಒಳಗೆ ಆ ಟೇಪಿನ ಅಂಟು ಕರಗಿ ಜಿನುಗುತ್ತದೆ, ಟೇಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದು ಸ್ಪೀಕರ್ ವೈರ್ ಆಗಿದ್ದರೆ ಸೆಟ್ ಹೋಯಿತು. ಹೊರಗಿನಿಂದ ಸುತ್ತಲು ಬಟ್ಟೆ ಟೇಪ್ ಒಳ್ಳೆಯದು, ಕಿಟಕಿಟ ಸದ್ದೂ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಫ್ರೇಮ್, ಕಪ್ಲರ್ ಜೆ.ಸಿ. ರಸ್ತೆಯಲ್ಲಿ, ಮೀಟರ್, ಕೆಪಾಸಿಟರ್, ಹೀಟ್ ಶ್ರಿಂಕ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಳೇ ಕಪ್ಲರ್‌ನ ಫೋಟೋ ಮುಂದಿನಿಂದ, ಹಿಂದಿನಿಂದ ತೆಗೆದುಕೊಂಡು ಹೋಗಿ. ಕಾರಿನ ಹೆಸರು ಹೇಳಿದರೆ ಸಿಗುವುದು ಆಂಪ್ ಇಲ್ಲದ ಮಾದರಿಯ ಕಪ್ಲರ್.

ಬ್ಯಾಟರಿ ಬಿಚ್ಚಲೇಬೇಕೇ?

ಅಳತೆ ಮುಗಿದ ಮೇಲೆ ಹೌದು, ಮೈನಸ್ ಟರ್ಮಿನಲ್. ಹತ್ತು ನಿಮಿಷ ಕಾದು ಆಮೇಲೆ ಡ್ಯಾಶ್‌ಗೆ ಕೈ ಹಾಕಿ. ಏರ್‌ಬ್ಯಾಗ್ ಪೆಟ್ಟಿಗೆಯೊಳಗಿನ ಚಾರ್ಜ್ ಇಳಿಯಬೇಕು. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಹಿಡಿಯುವುದು, ಬಲ್ಬ್ ಹಚ್ಚಿ ನೋಡುವುದು ಬೇಡವೇ ಬೇಡ. ಸೀಟಿನ ಕೆಳಗಿನ ಆಂಪ್‌ಗಾಗಿ ಸೀಟ್ ಎತ್ತುವಾಗಲೂ ಹಳದಿ ಕಪ್ಲರ್ ಇರುತ್ತದೆ. ಅದನ್ನು ಬಿಚ್ಚಿ ಇಗ್ನಿಷನ್ ಆನ್ ಮಾಡಿದರೆ ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಆರಿಸಲು ಸ್ಕ್ಯಾನರ್ ಬೇಕಾಗಬಹುದು.

ಹಳೇ ಸೆಟ್ಟಿಗೆ ಕೋಡ್ ಕೇಳುವ ಕಾರಾದರೆ, ಮುಂದೆ ವಾಪಸ್ ಹಾಕುವ ದಿನಕ್ಕೆ ಅದನ್ನು ಈಗಲೇ ಬರೆದಿಟ್ಟುಕೊಳ್ಳಿ.

ಹೊಸ ಸೆಟ್ಟಿನ ವೈರ್ ಬಣ್ಣಗಳ ಅರ್ಥವೇನು?

ಹೆಸರುಳ್ಳ ಕಂಪನಿಗಳಲ್ಲಿ ಒಂದೇ ಪದ್ಧತಿ. ಹಳದಿ ಸದಾ 12 ವೋಲ್ಟ್, ಕೆಂಪು ಕೀ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಅರ್ಥಿಂಗ್. ಕಿತ್ತಳೆ ಬಣ್ಣದ್ದು ದೀಪ ಹಾಕಿದಾಗ ಪರದೆ ಮಂದ ಮಾಡಲು. ಬಿಳಿ ಜೋಡಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಕಾರಿನ ಕಡೆಯ ಬಣ್ಣಗಳಿಗೆ ಈ ನಿಯಮ ಇಲ್ಲ. ಅಲ್ಲಿ ಮೀಟರ್ ಹೇಳಿದ್ದೇ ಸತ್ಯ.

ಒಂದು ಎಚ್ಚರಿಕೆ. ಸ್ಪೀಕರ್ ಮೈನಸ್ ಅಂದರೆ ಬಾಡಿ (ಕಾರಿನ ಲೋಹದ ಮೈ) ಅಲ್ಲ. ಸೆಟ್ಟಿನ ಎಂಟೂ ಸ್ಪೀಕರ್ ವೈರ್‌ಗಳಲ್ಲಿ ಆಗಲೇ ಹೇಳಿದ 6-7 ವೋಲ್ಟ್ ಇರುತ್ತದೆ. ತುಂಬಾ ಹಳೇ ಗಾಡಿಗಳಲ್ಲಿ ಮೈನಸ್ ಎಲ್ಲ ಒಟ್ಟು ಸೇರಿಸಿ ಬಾಡಿಗೆ ಕೊಡುತ್ತಿದ್ದರು ಎಂದು ಇಲ್ಲೂ ಹಾಗೇ ಮಾಡಿದರೆ ಪವರ್ ಐಸಿ ಕ್ಷಣದಲ್ಲಿ ಸುಡುತ್ತದೆ.

ನೀಲಿ, ನೀಲಿ-ಬಿಳಿ ಎಂದು ಎರಡು ವೈರ್ ಇವೆ. ಯಾವುದು ಎಲ್ಲಿಗೆ?

ಅರ್ಧಕ್ಕರ್ಧ ದೂರುಗಳ ಮೂಲ ಇದೇ. ನೀಲಿ-ಬಿಳಿ ಆಂಪ್‌ಗೆ "ಏಳು" ಎಂದು ಹೇಳುವ ರಿಮೋಟ್ ವೈರ್. ಸೆಟ್ ಆನ್ ಇರುವಷ್ಟು ಹೊತ್ತೂ ಅದರಲ್ಲಿ 12 ವೋಲ್ಟ್ ಇರುತ್ತದೆ. ಬರಿ ನೀಲಿ ಆಂಟೆನಾದ್ದು; ಅನೇಕ ಸೆಟ್‌ಗಳಲ್ಲಿ ರೇಡಿಯೋ ಹಾಕಿದಾಗ ಮಾತ್ರ ಅದರಲ್ಲಿ ಕರೆಂಟ್ ಬರುತ್ತದೆ. ಆಂಪ್‌ಗೆ ನೀಲಿ ಕೊಟ್ಟಿದ್ದರೆ ಎಫ್‌ಎಂ ಹಾಡುತ್ತದೆ, ಬ್ಲೂಟೂತ್‌ಗೆ ಬದಲಿಸಿದ ಕೂಡಲೇ ಸದ್ದು ಮಾಯ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ.

ಆಂಪ್ ಇಲ್ಲದ ಮಾದರಿಗೆ ಮಾಡಿದ ಕಪ್ಲರ್‌ನಲ್ಲಿ ನೀಲಿ-ಬಿಳಿ ವೈರ್ ಎಲ್ಲಿಗೂ ಹೋಗದೆ ತೂಗುತ್ತಿರುತ್ತದೆ. ಕಾರಿನ ಕಡೆ ಆಂಪ್ ಎಬ್ಬಿಸುವ ಪಿನ್ ಯಾವುದೆಂದು ಹಳೇ ಸೆಟ್ ಇರುವಾಗಲೇ ಗುರುತಿಸಿ: ಸೆಟ್ ಆನ್ ಮಾಡಿದಾಗ 12 ವೋಲ್ಟ್, ಕೀ ಹಾಗೇ ಇದ್ದು ಸೆಟ್ ಮಾತ್ರ ಆಫ್ ಮಾಡಿದಾಗ ಸೊನ್ನೆ ಆಗುವ ವೈರ್ ಅದು.

ಈ ವೈರ್ ಬರೀ ಸನ್ನೆಗೆ. ಹೊರೆ ಹೊರಲು ಅಲ್ಲ. ಸೆಟ್ಟಿನ ಪುಸ್ತಕದಲ್ಲಿ 300 ಮಿಲಿಆಂಪಿಯರ್‌ನಂಥ ಮಿತಿ ಬರೆದಿರುತ್ತದೆ. ಆಂಪ್ ಜೊತೆಗೆ ಆಂಟೆನಾ ಬೂಸ್ಟರ್, ಫ್ಯಾನ್ ಎಲ್ಲ ಅದಕ್ಕೇ ಕಟ್ಟಬೇಕಾಗಿ ಬಂದರೆ ಒಂದು 12 ವೋಲ್ಟ್ ರಿಲೇ ಹಾಕಿ: 86ಕ್ಕೆ ನೀಲಿ-ಬಿಳಿ, 85 ಬಾಡಿಗೆ, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಆಂಪ್‌ಗೆ.

ಲೈನ್ ಲೆವೆಲ್ ಆಂಪ್‌ಗೆ ಆರ್‌ಸಿಎ ಜೋಡಿಸುವುದು ಹೇಗೆ?

ಆರ್‌ಸಿಎ ಕೇಬಲ್ಲಿನ ಒಂದು ತುದಿ ಕತ್ತರಿಸಿ. ಹೊರಸಿಪ್ಪೆ ಸುಲಿದರೆ ನಡುವೆ ಒಂದು ವೈರ್, ಅದರ ಸುತ್ತ ಕೂದಲಿನಂಥ ತಾಮ್ರದ ಬಲೆ ಕಾಣುತ್ತದೆ. ಬಲೆಯನ್ನು ಬಿಡಿಸಿ ಒಂದು ಕಡೆ ಹೊಸೆದುಕೊಳ್ಳಿ. ಒಂದೇ ಒಂದು ಎಳೆ ನಡುವಿನ ವೈರ್‌ಗೆ ತಾಗಿದರೂ ಆ ಚಾನಲ್ ಮೂಕ. ನಡುವಿನದು ಆಂಪ್‌ನ ಪ್ಲಸ್‌ಗೆ, ಬಲೆ ಮೈನಸ್‌ಗೆ. ಬ್ಯಾಲೆನ್ಸ್ಡ್ ಇನ್‌ಪುಟ್ ಆದರೂ ಹೀಗೇ ಕೊಡಬಹುದು, ಆದರೆ ಮೈನಸ್ ವೈರನ್ನು ಪ್ರತ್ಯೇಕವಾಗಿ ಬಾಡಿಗೆ ಸೇರಿಸಬೇಡಿ. ಕಾರಿನ ಕೇಬಲ್‌ನಲ್ಲಿ ಮೂರನೆಯದಾಗಿ ಬರಿ ತಾಮ್ರದ ರಕ್ಷಣಾ ವೈರ್ ಇದ್ದರೆ ಅದನ್ನು ಸೆಟ್ಟಿನ ಕಡೆ ಮಾತ್ರ ಅರ್ಥಿಂಗ್‌ಗೆ ಕೊಡಿ.

ಜೋಡಿಸುವಾಗ ಬ್ಯಾಟರಿ ಬಿಚ್ಚಿರಲಿ. ಕೆಲವು ಸೆಟ್‌ಗಳ ಒಳಗೆ ಆರ್‌ಸಿಎ ಅರ್ಥಿಂಗ್ ದಾರಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಫ್ಯೂಸ್ ಇರುತ್ತದೆ. ಕೆಲಸದ ನಡುವೆ ಆರ್‌ಸಿಎಯ ಹೊರಬಳೆ 12 ವೋಲ್ಟ್‌ಗೆ ತಾಗಿದರೆ ಅದು ಹೋಗುತ್ತದೆ. ಆಮೇಲೆ ಹಾಡು ಬರುತ್ತದೆ, ಜೊತೆಗೆ ಎಂಜಿನ್ ಕೊರಗೂ ಬರುತ್ತದೆ. ಸೆಟ್ಟಿನ ಲೋಹದ ಪೆಟ್ಟಿಗೆಗೂ ಆರ್‌ಸಿಎ ಹೊರಬಳೆಗೂ ನಡುವೆ ಓಮ್ ನೋಡಿ: ಸೊನ್ನೆಯ ಹತ್ತಿರ ಇದ್ದರೆ ಸರಿ.

ನನ್ನ ಸೆಟ್ಟಿಗೆ ಆರ್‌ಸಿಎ ಇಲ್ಲ, ಸ್ಪೀಕರ್ ವೈರ್ ಮಾತ್ರ. ಲೈನ್ ಲೆವೆಲ್ ಆಂಪ್‌ಗೆ ಕೊಡಬಹುದೇ?

ನೇರವಾಗಿ ಬೇಡ. ಎರಡು ವೋಲ್ಟ್ ಕಾಯುವ ಕಡೆ ಹತ್ತು ವೋಲ್ಟ್ ಹೋಗುತ್ತದೆ; ಹರಿದ ಸದ್ದು ಬರುವುದು ಇಲ್ಲೇ. ನಡುವೆ ಲೈನ್ ಔಟ್‌ಪುಟ್ ಕನ್ವರ್ಟರ್ ಹಾಕಿ, ಅಂಗಡಿಯಲ್ಲಿ ಹೈ-ಲೋ ಕನ್ವರ್ಟರ್ ಎನ್ನುತ್ತಾರೆ. ನಾಲ್ಕು ಚಾನಲ್‌ನದು ಬೇಕು, ಎರಡರದ್ದು ಹಾಕಿದರೆ ಮುಂದೆ-ಹಿಂದೆ ಹೊಂದಿಸುವ ಫೇಡರ್ ಸಾಯುತ್ತದೆ. ಸೆಟ್ ಇನ್ನೂ ಕೊಂಡಿಲ್ಲವಾದರೆ ಆರ್‌ಸಿಎ ಇರುವುದನ್ನೇ ಕೊಳ್ಳುವುದು ಮೇಲು. ಕನ್ವರ್ಟರ್ ತಂದ ತೊಂದರೆಗಳು ಅದರ ಬೆಲೆಗಿಂತ ದೊಡ್ಡವು.

ಆಂಪ್‌ನ ಗೊಡವೆಯೇ ಬೇಡ, ಸೆಟ್ಟಿನಿಂದ ಸ್ಪೀಕರ್‌ಗೆ ನೇರ ಕೊಡುತ್ತೇನೆ. ಆಗುತ್ತದೆಯೇ?

ಎಷ್ಟೋ ಸಲ ಇದೇ ಉತ್ತಮ ದಾರಿ, ಆದರೆ ಎರಡು ಹೊಂಡಗಳಿವೆ.

ಒಂದು, ಓಮ್. ಬೋಸ್‌ನಂಥ ವ್ಯವಸ್ಥೆಗಳಲ್ಲಿ ಸ್ಪೀಕರ್‌ಗಳು 2 ಓಮ್ ಅಥವಾ ಇನ್ನೂ ಕಡಿಮೆ ಇರುವುದು ಸಾಮಾನ್ಯ. ಸೆಟ್ಟಿನ ಪವರ್ ಐಸಿ 4 ಓಮ್‌ಗೆ ಮಾಡಿದ್ದು. ಓಮ್ ಅರ್ಧಕ್ಕಿಳಿದರೆ ಕರೆಂಟ್ ಎರಡರಷ್ಟು: ಮೊದಲ ದಿನ ಚೆನ್ನಾಗಿ ಹಾಡುತ್ತದೆ, ಆಮೇಲೆ ಸೆಟ್ ಬಿಸಿಯಾಗಿ ಜೋರು ಹಾಡಿಗೆ ಕಟ್ ಆಗತೊಡಗುತ್ತದೆ, ಕೊನೆಗೆ ಐಸಿ ಸುಡುತ್ತದೆ. ಹಾಗಾಗಿ ಆಂಪ್ ಬಿಡುವುದಾದರೆ ಸ್ಪೀಕರ್‌ಗಳನ್ನೂ 4 ಓಮ್‌ನವಕ್ಕೆ ಬದಲಿಸಿ, ಅಥವಾ 2 ಓಮ್ ತಾಳುವ ಹೊರಗಿನ ಆಂಪ್ ಹಾಕಿ.

ಎರಡು, ಟ್ವೀಟರ್, ಅಂದರೆ ಕೀಚಲು ದನಿಗೆಂದು ಇರುವ ಪುಟ್ಟ ಸ್ಪೀಕರ್. ಕಂಪನಿ ಆಂಪ್‌ನಲ್ಲಿ ಟ್ವೀಟರ್‌ಗೆ ಪ್ರತ್ಯೇಕ ಚಾನಲ್ ಇದ್ದರೆ ಬಾಸನ್ನು ಆಂಪೇ ಸೋಸಿ ಕಳಿಸುತ್ತಿರುತ್ತದೆ. ಟ್ವೀಟರ್ ಹಿಂದೆ ಕೆಪಾಸಿಟರ್ ಇರುವುದೇ ಇಲ್ಲ. ಅದಕ್ಕೆ ಪೂರ್ತಿ ಹಾಡು ಕೊಟ್ಟರೆ ಮೊದಲ ತಮಟೆ ಪೆಟ್ಟಿಗೇ ಹೋಗುತ್ತದೆ. ಬಿಚ್ಚಿ ನೋಡಿ, ಕೆಪಾಸಿಟರ್ ಕಾಣದಿದ್ದರೆ ಪ್ಲಸ್ ವೈರ್‌ಗೆ ಸರಣಿಯಲ್ಲಿ ನಾನ್-ಪೋಲಾರ್ ಕೆಪಾಸಿಟರ್ ಹಾಕಿ, 50 ವೋಲ್ಟ್ ಅಥವಾ ಮೇಲಿನದು. 4 ಓಮ್ ಟ್ವೀಟರ್‌ಗೆ 8 ಮೈಕ್ರೋಫ್ಯಾರಡ್ ಆದರೆ ಸುಮಾರು 5,000 ಹರ್ಟ್ಸ್‌ನಿಂದ ಮೇಲೆ, 4.7 ಆದರೆ ಸುಮಾರು 8,500ರಿಂದ ಮೇಲೆ ಹಾಡುತ್ತದೆ. ಚಿಕ್ಕ ಟ್ವೀಟರ್‌ಗೆ 4.7 ಸುರಕ್ಷಿತ.

ವೈರ್ ಎಳೆಯುವ ಕಷ್ಟ ತಪ್ಪಿಸಲು ಉಪಾಯವಿದೆ: ಬಾಗಿಲಿನವರೆಗೆ ಹೊಸ ವೈರ್ ಬೇಡ. ಆಂಪ್ ಇರುವ ಜಾಗಕ್ಕೆ ಹೋಗಿ, ಅದರ ಕಪ್ಲರ್ ಬಿಚ್ಚಿ, ಸೆಟ್ಟಿನಿಂದ ಬರುವ ಇನ್‌ಪುಟ್ ಜೋಡಿಯನ್ನು ಆಯಾ ಸ್ಪೀಕರ್‌ಗೆ ಹೋಗುವ ಔಟ್‌ಪುಟ್ ಜೋಡಿಗೆ ಅಲ್ಲೇ ಸೇರಿಸಿ. ಆದರೆ ಲೈನ್ ಲೆವೆಲ್‌ಗೆಂದು ಹಾಕಿದ ಆ ಇನ್‌ಪುಟ್ ವೈರ್ ಕೂದಲೆಳೆಯಷ್ಟು ಸಣ್ಣಗಿದ್ದರೆ ಹೊಸದಾಗಿ 0.75 ಅಥವಾ 1 ಚದರ ಮಿ.ಮೀ. ವೈರ್ ಎಳೆಯಿರಿ. ಕಪ್ಲರ್ ಕತ್ತರಿಸುವ ಬದಲು ಅದೇ ಪಿನ್‌ಗೆ ಹೊಂದುವ ಇನ್ನೊಂದು ಕಪ್ಲರ್ ಸಿಕ್ಕರೆ ಮತ್ತೆ ಹಳೇ ಸ್ಥಿತಿಗೆ ತರುವುದು ಎರಡು ನಿಮಿಷದ ಮಾತು.

ಪೆಟ್ಟಿಗೆಯ ಮೇಲೆ 50 ವ್ಯಾಟ್ ಗುಣಿಸು ನಾಲ್ಕು ಎಂದಿರುವುದನ್ನು ನೋಡಿ ಸೆಟ್ಟೇ ಆಂಪ್‌ಗಿಂತ ಬಲಶಾಲಿ ಅಂದುಕೊಳ್ಳಬೇಡಿ. 14.4 ವೋಲ್ಟ್‌ನಿಂದ 4 ಓಮ್‌ಗೆ ಶುದ್ಧವಾಗಿ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ 26 ವ್ಯಾಟ್ ದಾಟದು. ನಿಜದಲ್ಲಿ ಸಿಗುವುದು 14ರಿಂದ 22.

ಕಂಪನಿ ಆಂಪ್ ಇರಲಿ, ಸ್ಪೀಕರ್ ಮಾತ್ರ ಬದಲಿಸಿದರೆ?

2 ಓಮ್‌ನದು ತೆಗೆದು 4 ಓಮ್‌ನದು ಹಾಕಿದರೆ ಆಂಪ್‌ಗೆ ಏನೂ ಆಗದು, ಆದರೆ ಪವರ್ ಅರ್ಧಕ್ಕಿಳಿದು ಸದ್ದು ಸ್ವಲ್ಪ ಸಪ್ಪೆ. ದುಬಾರಿ ಸ್ಪೀಕರ್ ಹಾಕಿಯೂ "ಮೊದಲೇ ಚೆನ್ನಾಗಿತ್ತು" ಅನ್ನಿಸುವುದಕ್ಕೆ ಇನ್ನೊಂದು ಕಾರಣವೂ ಇದೆ: ಆಂಪ್ ಒಳಗಿನ ಈಕ್ವಲೈಸರ್ ಆ ಹಳೇ ಕಾಗದದ ಸ್ಪೀಕರ್‌ನ ಓರೆಕೋರೆಗೆ ತಕ್ಕಂತೆ ಹೊಂದಿಸಿದ್ದು. ಒಬ್ಬರಿಗೆ ಹೊಲಿದ ಅಂಗಿ ಇನ್ನೊಬ್ಬರಿಗೆ ತೊಡಿಸಿದ ಹಾಗೆ. 4 ಓಮ್ ತೆಗೆದು 2 ಓಮ್ ಹಾಕುವುದು ಮಾತ್ರ ಬೇಡ.

ಎಲ್ಲಾ ಜೋಡಿಸಿದೆ, ಪರದೆ ಹತ್ತಿದೆ, ಸದ್ದೇ ಇಲ್ಲ.

ನೀಲಿ-ಬಿಳಿ ವೈರ್‌ನಲ್ಲಿ ಆಂಪ್‌ನ ಹತ್ತಿರವೇ 12 ವೋಲ್ಟ್ ಇದೆಯೇ ನೋಡಿ. ಇದ್ದರೆ ಆಂಪ್‌ನ ಫ್ಯೂಸ್. ಅದು ಸೆಟ್ಟಿನ ಫ್ಯೂಸ್ ಅಲ್ಲ, ಪ್ರತ್ಯೇಕ. ಅದೂ ಸರಿಯಿದ್ದರೆ ಕ್ಯಾನ್ ಆದೇಶ ಕಾಯುವ ಆಂಪ್ ಇರಬಹುದು. ಕೆಲವು ಆಂಡ್ರಾಯ್ಡ್ ಸೆಟ್‌ಗಳ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಕ್ಯಾನ್ ಪೆಟ್ಟಿಗೆಯ ತಯಾರಕರು, ಕಾರಿನ ಮಾದರಿ, ಆಂಪ್ ಇರುವ-ಇಲ್ಲದ ಆಯ್ಕೆ ಎಲ್ಲ ಆರಿಸಬೇಕು. ಅಲ್ಲಿ ತಪ್ಪು ಸಾಲು ಟಿಕ್ ಆಗಿದ್ದರೂ ಮೌನವೇ.

ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಎನ್ನುವ ಸದ್ದು ಏರುತ್ತದೆ.

ಆಲ್ಟರ್ನೇಟರ್‌ನ ಕೊರಗು. ಸೆಟ್ ಒಂದು ಕಡೆ, ಆಂಪ್ ಇನ್ನೊಂದು ಕಡೆ ಅರ್ಥಿಂಗ್ ಪಡೆದು ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇದ್ದಾಗ ಅದು ಆರ್‌ಸಿಎ ಬಲೆಯ ಮೂಲಕ ಹರಿಯುತ್ತದೆ. ಸೆಟ್ಟಿನ ಕಪ್ಪು ವೈರನ್ನು ಕಾರಿನ ಮೂಲ ಅರ್ಥಿಂಗ್ ಪಿನ್‌ಗೇ ಕೊಟ್ಟಿದ್ದೀರಾ ನೋಡಿ. ಬೇರೆ ಬೋಲ್ಟ್‌ಗೆ ಕೊಟ್ಟಿದ್ದರೆ ಅಲ್ಲಿ ಬಣ್ಣ ಕೆರೆದು ಬರಿ ಲೋಹ ಹೊಳೆಯಬೇಕು. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಈ ಜಾಗ ಬೇಗ ತುಕ್ಕು ಹಿಡಿಯುತ್ತದೆ, ಬಿಗಿ ಮಾಡಿದ ಮೇಲೆ ಸ್ವಲ್ಪ ಗ್ರೀಸ್ ಸವರಿ. ಗ್ರೌಂಡ್ ಲೂಪ್ ಐಸೋಲೇಟರ್ ಎಂಬ ಪುಟ್ಟ ಪೆಟ್ಟಿಗೆ ಕೊನೆಯ ಉಪಾಯ. ಅಗ್ಗದವು ಕೊರಗಿನ ಜೊತೆ ಬಾಸನ್ನೂ ತಿನ್ನುತ್ತವೆ.

ಎಂಜಿನ್ ಆಫ್ ಇದ್ದಾಗಲೂ ಬರುವ ಸುಸ್ ಸದ್ದು ಬೇರೆ. ಅದು ಸೆಟ್ಟಿನ ಮತ್ತು ಆಂಪ್‌ನ ಸಿಗ್ನಲ್ ಮಟ್ಟ ಹೊಂದದಿರುವುದರಿಂದ; ಹೊಂದಿಸುವ ಬಗೆ ಕೆಳಗಿದೆ.

ಸದ್ದಿದೆ, ಬಾಸ್ ಇಲ್ಲ. ಬ್ಯಾಲೆನ್ಸ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಬಾಸ್ ಬರುತ್ತದೆ!

ಒಂದು ಬದಿಯ ಪ್ಲಸ್ ಮೈನಸ್ ಅದಲುಬದಲಾಗಿದೆ. ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆಳೆದು ಗಾಳಿ ಅಲ್ಲಲ್ಲೇ ಸಮವಾಗುತ್ತದೆ. ಸ್ಪೀಕರ್ ವೈರ್ ಬಿಚ್ಚಿಟ್ಟು 1.5 ವೋಲ್ಟ್ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ: ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರ್ ಪ್ಲಸ್. ಆಂಪ್ ಜೋಡಿಸಿರುವಾಗ ಈ ಪರೀಕ್ಷೆ ಮಾಡಬೇಡಿ.

ವಾಲ್ಯೂಮ್ ಮಟ್ಟ ಹೊಂದಿಸುವುದು ಹೇಗೆ? ಕಂಪನಿ ಆಂಪ್‌ಗೆ ಗೇನ್ (ಒಳಬರುವ ಸಿಗ್ನಲ್ ಮಟ್ಟ) ಹೊಂದಿಸುವ ತಿರುಪೇ ಇಲ್ಲ.

ಹಾಗಾಗಿ ಹೊಂದಿಕೆಯೆಲ್ಲ ಸೆಟ್ಟಿನಲ್ಲೇ ಅಥವಾ ಕನ್ವರ್ಟರ್‌ನಲ್ಲೇ. ಈಕ್ವಲೈಸರ್, ಬಾಸ್ ಬೂಸ್ಟ್, ಲೌಡ್‌ನೆಸ್ ಎಲ್ಲ ಸೊನ್ನೆ ಮಾಡಿ. ಹಳೇ ಸೆಟ್ಟಿನಲ್ಲಿ ಪೂರ್ತಿ ವಾಲ್ಯೂಮ್‌ಗೆ ಮೀಟರ್ ತೋರಿಸಿದ ಎಸಿ ಅಂಕಿ ಬರೆದಿಟ್ಟುಕೊಂಡಿದ್ದೀರಲ್ಲ, ಅದೇ ಟೋನ್ ಹಾಕಿ ಹೊಸದರಲ್ಲೂ ಅಷ್ಟೇ ಬರುವಂತೆ ನೋಡಿ. ವಾಲ್ಯೂಮ್ 40ರವರೆಗೆ ಇದ್ದರೆ 30ರ ಸುಮಾರಿಗೆ ಆ ಅಂಕಿ ಬರಬೇಕು. 4 ವೋಲ್ಟ್ ಆರ್‌ಸಿಎ ಇರುವ ಸೆಟ್ 2 ವೋಲ್ಟ್ ಆಂಪ್‌ಗೆ ಕೊಟ್ಟರೆ ಅರ್ಧಕ್ಕೇ ಒಡೆಯುತ್ತದೆ; ಸೋರ್ಸ್ ಲೆವೆಲ್ ಇಳಿಸಿ. ಕನ್ವರ್ಟರ್ ತಿರುಪನ್ನು ಕಡಿಮೆಯಿಂದ ಶುರುಮಾಡಿ, ಒಡಕು ಕೇಳಿದ ಜಾಗದಿಂದ ಸ್ವಲ್ಪ ಹಿಂದೆ ನಿಲ್ಲಿಸಿ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿದಿರುತ್ತದೆ.

ಹೊಸ ಕಾರುಗಳಲ್ಲಿ ಸೆಟ್ ಹಿಂದೆ ಕೀ ಜೊತೆ ಬರುವ 12 ವೋಲ್ಟ್ ವೈರೇ ಇರುವುದಿಲ್ಲ. ಆನ್ ಆಗುವ ಆದೇಶ ಕ್ಯಾನ್‌ನಲ್ಲಿ ಬರುತ್ತದೆ. ಆ ವೈರ್ ಸಿಗದೆ ಕೆಂಪು, ಹಳದಿ ಒಟ್ಟು ಸೇರಿಸಿದ್ದರೆ ಸೆಟ್ ಮಲಗುವುದೇ ಇಲ್ಲ, ಅದು ಆಂಪನ್ನೂ ಮಲಗಲು ಬಿಡುವುದಿಲ್ಲ. ಅರ್ಧ ಆಂಪಿಯರ್ ಎಳೆತ ಎಂದರೂ 45 ಆಂಪಿಯರ್-ಅವರ್ ಬ್ಯಾಟರಿ 45 ಗಂಟೆಯಲ್ಲಿ ಅರ್ಧ ಖಾಲಿ.

ಅಳೆಯಲು ಬಾನೆಟ್ ತೆರೆದು, ಬಾಗಿಲು ಲಾಕ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ ನಡುವೆ ಮೀಟರ್ 10 ಆಂಪಿಯರ್ ಕಿಂಡಿಯಲ್ಲಿಟ್ಟು ಅರ್ಧ ಗಂಟೆ ಕಾಯಿರಿ. 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. ಮೀಟರ್ ನಡುವೆ ಇರುವಾಗ ಸ್ಟಾರ್ಟ್ ಮಾಡಬೇಡಿ, ಮೀಟರ್ ಫ್ಯೂಸ್ ಹಾರುತ್ತದೆ. ಪರಿಹಾರ: ಡೀಕೋಡರ್ ಕೊಡುವ ಕೀ ವೈರ್ ಬಳಸಿ, ಅಥವಾ ಫ್ಯೂಸ್ ಬಾಕ್ಸ್‌ನಲ್ಲಿ ಚಾರ್ಜಿಂಗ್ ಸಾಕೆಟ್‌ನ ಫ್ಯೂಸ್‌ನಿಂದ ಟ್ಯಾಪ್ ತೆಗೆಯಿರಿ. ಆ ಸಾಕೆಟ್ ಕೀ ತೆಗೆದ ಮೇಲೆ ಸಾಯುತ್ತದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಎಫ್‌ಎಂ ಬರೀ ಗರಗರ.

ಆಂಟೆನಾ ಬುಡದ ಬೂಸ್ಟರ್‌ಗೆ ಕರೆಂಟ್ ಹೋಗುತ್ತಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ಅದು ಆಂಟೆನಾ ಕೇಬಲ್ ಮೂಲಕವೇ ಹೋಗಬೇಕು. ನೀಲಿ ವೈರ್ ಇರುವ ಫಕ್ರಾ ಅಡಾಪ್ಟರ್ (ಅಂಥ ಕಾರುಗಳ ಆಂಟೆನಾ ಪ್ಲಗ್‌ಗೆ ಹೊಂದುವುದು) ತಂದು ಸೆಟ್ಟಿನ ನೀಲಿಗೆ ಸೇರಿಸಿ.

ಸ್ಟೀರಿಂಗ್ ಬಟನ್, ಹಿಂದಿನ ಕ್ಯಾಮೆರಾ, ಪಾರ್ಕಿಂಗ್ ಬೀಪ್ ಉಳಿಯುತ್ತವೆಯೇ?

ಬಟನ್‌ಗಳು ಬಹುತೇಕ ಉಳಿಯುತ್ತವೆ. ಹಳೇ ಬಗೆಯವು ಒಂದೊಂದು ಬಟನ್‌ಗೂ ಒಂದೊಂದು ಓಮ್ ತೋರಿಸುತ್ತವೆ, ಸೆಟ್ಟಿನ ಕೀ1, ಕೀ2 ವೈರ್‌ಗೆ ಕೊಟ್ಟು ಪರದೆಯಲ್ಲಿ ಕಲಿಸಬೇಕು. ಕಲಿಸುವಾಗ ಎಂಜಿನ್ ಓಡುತ್ತಿರಲಿ, ಇಲ್ಲವಾದರೆ ಆಮೇಲೆ ವೋಲ್ಟೇಜ್ ಬದಲಾಗಿ ವಾಲ್ಯೂಮ್ ಒತ್ತಿದರೆ ಹಾಡು ಬದಲಾಗಬಹುದು. ಕ್ಯಾಮೆರಾದಲ್ಲಿ ಹುಷಾರು: ಟೊಯೋಟಾದಂಥ ಕೆಲವು ಗಾಡಿಗಳ ಮೂಲ ಕ್ಯಾಮೆರಾ 6 ವೋಲ್ಟ್‌ನದು, ರಿವರ್ಸ್ ಲೈಟಿನ 12 ವೋಲ್ಟ್ ಕೊಟ್ಟರೆ ಸುಡುತ್ತದೆ. ಬೀಪ್ ಸದ್ದು ಕೆಲವು ಕಾರುಗಳಲ್ಲಿ ಸೆಟ್ ಅಥವಾ ಆಂಪ್ ಮೂಲಕವೇ ಬರುತ್ತದೆ. ಸೆಟ್ ಬಿಚ್ಚಿ ಪಕ್ಕಕ್ಕಿಟ್ಟು, ಇಗ್ನಿಷನ್ ಆನ್ ಮಾಡಿ, ರಿವರ್ಸ್ ಗೇರ್ ಹಾಕಿ ಕೇಳಿ. ಸೀಟ್ ಬೆಲ್ಟ್ ಎಚ್ಚರಿಕೆಯೂ ಅದರೊಂದಿಗೆ ಹೋಗುವುದಾದರೆ ಸೆಟ್ ಬದಲಿಸುವ ಯೋಚನೆಯನ್ನೇ ಮರುಪರಿಶೀಲಿಸಿ.

ವಾರಂಟಿ? ಹಳೇ ಸೆಟ್ ಮಾರಿಬಿಡಲೇ?

ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ದೂರುಗಳಿಗೆ ಸರ್ವಿಸ್ ಸೆಂಟರ್‌ನವರು ಕೈ ಚೆಲ್ಲುತ್ತಾರೆ. ಕಪ್ಲರ್‌ಗೆ ಕಪ್ಲರ್ ಹಾಕಿದ್ದರೆ ಸರ್ವಿಸ್‌ಗೆ ಬಿಡುವ ಮುನ್ನ ಹಳೆಯದನ್ನು ವಾಪಸ್ ಕೂರಿಸಬಹುದು. ಆದ್ದರಿಂದ ಹಳೇ ಸೆಟ್ ಮಾರಬೇಡಿ. ಅನೇಕ ಕಾರುಗಳಲ್ಲಿ ಅದು ನಿಮ್ಮ ಗಾಡಿಯ ನಂಬರಿಗೆ ಜೋಡಿಯಾಗಿರುವುದರಿಂದ ಬೇರೆಯವರಿಗೆ ಉಪಯೋಗವಿಲ್ಲ, ಕಾರು ಮಾರುವ ದಿನ ನಿಮಗೆ ಬೇಕಾಗುತ್ತದೆ. ಸ್ಕ್ರೂ, ಕ್ಲಿಪ್, ಬದಿಯ ಎರಡು ಪಟ್ಟಿಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಅಳತೆ ಬರೆದ ಚೀಟಿಯನ್ನೂ ಅದರಲ್ಲೇ ಇಡಿ.